ಕುರಿಗೆ ಹಾಕುವ ಸೂಜಿ

ಅವ್ವನನ್ನು ಬೆಳಗಾವಿಯ ರಾಮತೀರ್ಥ ನಗರದ ಅಣ್ಣನ ಮನೆಗೆ ಕರೆತಂದ ದಿನ ಮೆಟ್ಟಿಲು ಹತ್ತಿಸುವುದೇ ದೊಡ್ಡ ಕೆಲಸವಾಯಿತು. ಮನೆ ಮೊದಲ ಮಹಡಿಯಲ್ಲಿತ್ತು. ಅಣ್ಣ ಯಲ್ಲೇಶ ಒಂದು ರಟ್ಟೆ ಹಿಡಿದ, ನಾನು ಇನ್ನೊಂದು ಹಿಡಿದೆ. ಅವಳ ಬಲ ಮೊಣಕಾಲು ಸುಲಿದ ತೆಂಗಿನಕಾಯಿಯಷ್ಟು ಊದಿತ್ತು. ಮಡಚಲು ಬರುತ್ತಿರಲಿಲ್ಲ. ಆರನೇ ಮೆಟ್ಟಿಲಿಗೆ ಅವ್ವ ಕುಳಿತೇಬಿಟ್ಟಳು.

"ನಾ ಇಲ್ಲೇ ಇರ್ತೀನಿ ಬಿಡ್ರಿ. ಊಟ ಇಲ್ಲಿಗೇ ತಂದ ಕೊಡ್ರಿ."

ಮೇಲಿನಿಂದ ಅಣ್ಣನ ಹೆಂಡತಿ, ವೈನಿ ಪ್ರಮಿಳಾ ಇಣುಕಿದಳು. "ಅತ್ತಿ, ಅಲ್ಲಿ ಕುಂತ್ರ ಮನಿ ಮಾಲಕರು ಮೆಟ್ಟಲಕ್ಕೂ ಬಾಡಿಗಿ ಹಚ್ತಾರ. ಏಳ್ರಿ."

ಅವ್ವ ನಕ್ಕಳು. ನಗುತ್ತಲೇ ಉಳಿದ ಮೆಟ್ಟಿಲು ಹತ್ತಿದಳು. ಮೇಲೆ ಬಂದಾಗ ಅವಳ ರವಿಕೆ ಬೆವರಿನಿಂದ ಒದ್ದೆಯಾಗಿತ್ತು.

ಅವ್ವನ ಹೆಸರು ಫಕೀರವ್ವ. ನಾಲ್ಕು ವರ್ಷದ ಹಿಂದೆ ಅವಳ ಬೆರಳು, ಮಣಿಕಟ್ಟು, ಮೊಣಕಾಲು ಎಲ್ಲ ಊದತೊಡಗಿದಾಗ ಬೆಳಗಾವಿಯ ದವಾಖಾನೆಯಲ್ಲಿ ಸಂಧಿವಾತ ಎಂದಿದ್ದರು. ಮೈಯ ರೋಗ ತಡೆಯುವ ಶಕ್ತಿ ತಿರುಗಿಬಿದ್ದು ತನ್ನ ಸಂದುಗಳನ್ನೇ ತಿನ್ನುತ್ತಿದೆ, ಆ ಶಕ್ತಿಯನ್ನು ತಗ್ಗಿಸಲು ಗುಳಿಗೆ ಬೇಕು ಎಂದು ಹೇಳಿದ್ದರು. ದಿನಕ್ಕೊಂದು ಸಣ್ಣ ಬಿಳಿ ಗುಳಿಗೆ, ಭಾನುವಾರಕ್ಕೊಮ್ಮೆ ಹಳದಿ ಗುಳಿಗೆ. ಜ್ವರ ಬಂದರೆ, ಗಾಯವಾದರೆ, ಏನೇ ಆದರೂ ತಡಮಾಡದೆ ಬರಬೇಕು ಎಂದೂ ಹೇಳಿದ್ದರು. ಅವ್ವ ತಲೆಯಾಡಿಸಿದ್ದಳು. ಜೊತೆಗಿದ್ದ ನಾನೂ ತಲೆಯಾಡಿಸಿದ್ದೆ.

ಅಪ್ಪ ಭರಮಪ್ಪನಿಗೆ ಎಂಬತ್ತು ಕುರಿಗಳಿದ್ದವು. ನಮ್ಮ ಊರು ಖಾನಾಪುರದ ಕಡೆಯದಾದರೂ ಸುಗ್ಗಿಯಾದ ಮೇಲೆ ನಾವು ಊರಲ್ಲಿರುವುದು ಕಡಿಮೆ. ಭತ್ತ ಕೊಯ್ದ ಹೊಲಗಳಲ್ಲಿ ಗೂಟ ನೆಟ್ಟು, ಸುತ್ತ ಬಲೆ ಕಟ್ಟಿ ರಾತ್ರಿ ಕುರಿ ತರುಬುತ್ತೇವೆ. ಬೀಳುವ ಗೊಬ್ಬರಕ್ಕೆ ಬದಲಾಗಿ ಹೊಲದವರು ಕಾಳು ಕೊಡುತ್ತಾರೆ. ಎರಡು ಮೂರು ದಿನಕ್ಕೊಂದು ಹೊಲ. ಪ್ರತಿ ಸಲವೂ ಗೂಟ ಕಿತ್ತು, ಬಲೆ ಸುತ್ತಿ, ಹೊತ್ತು ನಡೆಯಬೇಕು. ನಾನು ಏಳನೇ ಇಯತ್ತೆಗೆ ಸಾಲೆ ಬಿಟ್ಟದ್ದೂ ಈ ನಡಿಗೆಯಿಂದಲೇ. ಕುರಿಯ ಕಾಲು ಊದಿದರೆ ಅಪ್ಪನೇ ಸೂಜಿ ಹಾಕುತ್ತಾನೆ. ಯಾವುದೋ ಕಾಲದಲ್ಲಿ ದನದ ಡಾಕ್ಟರೊಬ್ಬರು ತೋರಿಸಿಕೊಟ್ಟದ್ದು. ಕುಂಟುವ ಕುರಿ ಮರುದಿನ ಹಿಂಡಿನ ಮುಂದೆ ಇರುತ್ತದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಅವ್ವ ಅದನ್ನೇ ನೋಡುತ್ತ ಕುಳಿತಿದ್ದಳು.

"ನನಗೂ ಒಂದು ಹಾಕು" ಎಂದಳು.

"ತಲಿ ಕೆಟ್ಟೇತೇನ ನಿಂದು?" ಎಂದ ಅಪ್ಪ.

"ಕುರಿ ಓಡತೈತಿ. ನಾ ಏನ್ ಕುರಿಕಿಂತ ಕಡಿಮಿ ಏನ?"

ಎರಡು ದಿನ ಅಪ್ಪ ಒಪ್ಪಲಿಲ್ಲ. ಮೂರನೇ ದಿನ ಹೊಲ ಬದಲಿಸಬೇಕಾಗಿತ್ತು, ಅವ್ವನಿಗೆ ಏಳಲು ಆಗಲಿಲ್ಲ. ಅಪ್ಪ ಸೂಜಿಯನ್ನು ಚಹಾದ ಪಾತ್ರೆಯ ಬಿಸಿ ನೀರಲ್ಲಿ ಅದ್ದಿ ತೆಗೆದು ಅವ್ವನ ಮೊಣಕಾಲಿಗೆ ಹಾಕಿದ. ನಾನು ಕಾಲು ಹಿಡಿದುಕೊಂಡಿದ್ದೆ. ಮರುದಿನ ಅವ್ವ ತಲೆಯ ಮೇಲೆ ಗೂಟ ಹೊತ್ತು ದೇಸೂರವರೆಗೆ ನಡೆದಳು. ದಾರಿಯುದ್ದಕ್ಕೂ ಅಪ್ಪನನ್ನು ಹೊಗಳಿದಳು. ಹೀಗೆ ಮೂರು ಸಲ ಆಯಿತು. ಸಂಕ್ರಾಂತಿಯ ಹೊತ್ತಿಗೆ ಮೊಣಕಾಲು ಮತ್ತೆ ಊದಿತು. ನಾಲ್ಕನೇ ಸೂಜಿ ಹಾಕಿದರೂ ಬಾವು ಇಳಿಯಲಿಲ್ಲ.

ಬೆಳಗಾವಿಗೆ ಹೊರಡುವ ಮುಂಚೆ ಅವ್ವ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಲಗಮಿ, ಬೀರಪ್ಪನ ಆಣಿ. ಸೂಜಿ ಮಾತು ಎಲ್ಲೂ ಎತ್ತಬ್ಯಾಡ. ನಿಮ್ಮಣ್ಣ ಮೊದಲಿಂದ್ಲೂ ಕುರಿ ಮಾರು, ಕುರಿ ಮಾರು ಅಂತ ಕುಂತಾನ. ಇದು ಗೊತ್ತಾತಂದ್ರ ಮಾರಿಸೇ ಬಿಡ್ತಾನ. ನಿಮ್ಮಪ್ಪ ಕುರಿ ಇಲ್ದ ಒಂದು ವರ್ಷ ಬದುಕಾಂಗಿಲ್ಲ."

ನಾನು ಹೂಂ ಅಂದೆ.

ದವಾಖಾನೆಯ ಡಾಕ್ಟರು ಪದ್ಮಶ್ರೀ ಮೇಡಂ ವಯಸ್ಸಿನಲ್ಲಿ ಸಣ್ಣವರು. ಮೊಣಕಾಲಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ಒಂದೊಂದಾಗಿ ಕೇಳಿದರು. ಬಿದ್ದಿದ್ದಿರಾ, ಮುಳ್ಳು ನೆಟ್ಟಿತ್ತಾ, ಜ್ವರ ಬಂದಿತ್ತಾ.

"ಮೊಣಕಾಲಿಗೆ ಯಾರರ ಇಂಜೆಕ್ಷನ್ ಕೊಟ್ಟಾರೇನ್ರಿ? ಹಳ್ಳಿ ಡಾಕ್ಟರು, ಮತ್ತ್ಯಾರರ?"

"ಇಲ್ರಿ ಮೇಡಂ" ಎಂದ ಅಣ್ಣ. "ನಮ್ಮವ್ವ ಸೂಜಿ ಅಂದ್ರ ಭಾಳ ಅಂಜತಾಳ."

ಅವನು ನಂಬಿದ್ದನ್ನೇ ಹೇಳಿದ್ದ. ಅವ್ವ ನನ್ನ ಕಡೆ ನೋಡಿದಳು. ನಾನು ನೆಲದ ಫರಸಿ ನೋಡಿದೆ.

ನೀರಿನಲ್ಲಿ ಸಾಮಾನ್ಯ ಕ್ರಿಮಿಗಳೇನೂ ಬೆಳೆಯಲಿಲ್ಲ. ಎಕ್ಸ್‌ರೇ ನೋಡಿ ಮೇಡಂ, ಇಂಥವರಿಗೆ ಸಂದಿನ ಕ್ಷಯ ಆಗುವುದುಂಟು, ಅದಕ್ಕೇ ಔಷಧಿ ಶುರುಮಾಡೋಣ ಎಂದರು. ಅಣ್ಣ ಗುಳಿಗೆಯ ಡಬ್ಬಿ ತಂದ. ಯಾವುದು ಯಾವಾಗ ಎಂದು ಓದಿ ಕೊಡುವ ಕೆಲಸ ನನ್ನದಾಯಿತು.

ಅಣ್ಣನ ಮನೆಯಲ್ಲಿ ಎರಡೇ ಕೋಣೆ. ಅವ್ವ ಮತ್ತು ನಾನು ಹೊರಗಿನದರಲ್ಲಿ. ಕೆಳಗಿನ ಮನೆಯ ಸಂಗವ್ವ ಹಳೆಯ ಪ್ಲಾಸ್ಟಿಕ್ ಕುರ್ಚಿಯ ನಡುವೆ ಕೊಯ್ಯಿಸಿ ಪಾಯಖಾನೆಗೆ ಇಟ್ಟುಕೊಳ್ಳಲು ಕೊಟ್ಟಳು. ಅವ್ವ ಮೊದಲ ದಿನ ಅದರ ಮೇಲೆ ಕುಳಿತು, "ದೇಸಾಯರ ಗಾದಿ ಇದ್ದಂಗೈತಿ" ಎಂದಳು.

ವೈನಿ ಸದಾಶಿವನಗರದ ಒಂದು ರೊಟ್ಟಿ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಹೋದರೆ ಎರಡಕ್ಕೆ ಬರುತ್ತಿದ್ದಳು. ಬಂದವಳೇ ಅನ್ನಕ್ಕೆ ಇಡುತ್ತಿದ್ದಳು.

"ಮತ್ತ ಅನ್ನ ಏನ?" ಎನ್ನುತ್ತಿದ್ದಳು ಅವ್ವ. "ಊರ ಮಂದಿಗೆಲ್ಲಾ ರೊಟ್ಟಿ, ಮನಿ ಮಂದಿಗೆ ಅನ್ನ."

"ಇನ್ನೂರು ರೊಟ್ಟಿ ಬಡದು ಬಂದೀನ್ರಿ ಅತ್ತಿ. ಇನ್ನೊಂದು ಬಡದ್ರ ರಟ್ಟಿ ಕಳಚಿ ಬೀಳ್ತಾವ."

"ಅಲ್ಲಿಂದ ಎರಡು ತಂದ್ರ ಏನಾಕ್ಕತಿ?"

"ಕಳ್ಳಿ ಅಂತಾರ. ಅತ್ತಿ ಸಂಬಂಧ ಕಳ್ಳಿ ಆಗ್ಲೇನ್ರಿ?"

ಕೊನೆಗೆ ನಾನೇ ಬಡಿದೆ. ದಪ್ಪಗಾದವು. ಅವ್ವ ಒಂದನ್ನು ಹಿಡಿದು ತಿರುಗಿಸಿ ನೋಡಿ, "ಇದಕ್ಕ ಲಾಳ ಹೊಡದ್ರ ಎತ್ತಿನ ಕಾಲಿಗೆ ಹಾಕಬಹುದು" ಎಂದಳು. ವೈನಿ ಬಾಗಿಲಿಗೆ ಒರಗಿ ನಕ್ಕಳು. ಅಂಥ ದಿನಗಳೂ ಇದ್ದವು. ಆದರೆ ಮೂರನೇ ವಾರದಿಂದ ಅವ್ವ ಗುಳಿಗೆ ನುಂಗಿದ್ದನ್ನೆಲ್ಲ ಕಾರತೊಡಗಿದಳು. ಮೂತ್ರ ಕೆಂಪಗೆ ಬರುತ್ತಿತ್ತು. ಊಟ ಅರ್ಧಕ್ಕೆ ಇಳಿಯಿತು. ಬಾವು ಒಂದು ಬೆರಳಿನಷ್ಟೂ ಇಳಿಯಲಿಲ್ಲ.

ಅಪ್ಪ ಪ್ರತಿ ಗುರುವಾರ ಕುರಿಗಳನ್ನು ಚಿಕ್ಕಪ್ಪನ ಮಗ ಶಿವಲಿಂಗನಿಗೆ ಒಪ್ಪಿಸಿ ದೇಸೂರದಿಂದ ರೈಲಿನಲ್ಲಿ ಬರುತ್ತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹೊಲದ ಸೊಪ್ಪು.

"ಮಾವ, ಕಂಬಳಿ ಹೊರಗ ಕಟ್ಟಿ ಮ್ಯಾಲ ಇಡ್ರಿ. ಮನಿತುಂಬ ಕುರಿ ವಾಸನಿ" ಎನ್ನುತ್ತಿದ್ದಳು ವೈನಿ.

"ಆ ವಾಸನ್ಯಾಗ ನಿನ್ನ ಗಂಡ ಬೆಳದಾನವ್ವ. ಅವನ್ನೂ ಕಟ್ಟಿ ಮ್ಯಾಲ ಇಡು."

ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಪಾಳಿ ಮುಗಿಸಿ ಬಂದು, ಕೈಯ ಗ್ರೀಸು ತಿಕ್ಕಿ ತೊಳೆದು, ಅಪ್ಪನ ಎದುರು ತಾಟು ಇಟ್ಟುಕೊಂಡು ಕೂರುತ್ತಿದ್ದ. ಎರಡು ತುತ್ತು ಆಗುವುದರೊಳಗೆ ಮಾತು ಅಲ್ಲಿಗೇ ಬರುತ್ತಿತ್ತು.

"ಅಪ್ಪಾ, ಸಾಕಿನ್ನ. ಕುರಿ ಮಾರು. ಅವ್ವನ ಕಡೆ ಒಂದೀಟು ನೋಡು. ನಡದು ನಡದು ಹಿಂಗಾಗೇತಿ."

"ಮಾರಿ ಇಲ್ಲಿ ಬಂದು ಏನ್ ಮಾಡ್ಲಿ? ನಿನ್ನ ಡಿಪೋದಾಗ ಬಸ್ ಕಾಯ್ಲಿ?"

"ಬಸ್ಸಿಗೆ ಹುಲ್ಲು ಬ್ಯಾಡ, ನೀರು ಬ್ಯಾಡ. ಆರಾಮ ಇರ್ತಿ."

"ಮರಿನೂ ಹಾಕಾಂಗಿಲ್ಲ ನಿನ್ನ ಬಸ್ಸು."

ಅವ್ವ ಗೋಡೆಗೆ ಒರಗಿ ಕೇಳುತ್ತಿದ್ದಳು. ಅಪ್ಪ ಒಮ್ಮೆಯೂ ಅವಳ ಮೊಣಕಾಲಿನ ಕಡೆ ನೋಡುತ್ತಿರಲಿಲ್ಲ. ಹೋಗುವಾಗ ನನ್ನನ್ನು ಹೊರಗೆ ಕರೆದು, "ಇಳದೈತೇನ?" ಎಂದು ಕೇಳುತ್ತಿದ್ದ. ನಾನು ಇಲ್ಲ ಅಂದರೆ ಕಂಬಳಿ ಕೊಡವಿಕೊಂಡು ಹೊರಟುಹೋಗುತ್ತಿದ್ದ.

ಏಳನೇ ವಾರ ಮತ್ತೆ ಎಕ್ಸ್‌ರೇ ಮಾಡಿದರು. ಮೇಡಂ ಹಳೆಯದನ್ನೂ ಹೊಸದನ್ನೂ ಬೆಳಕಿಗೆ ಹಿಡಿದು ತೋರಿಸಿದರು. ಹೊಸದರಲ್ಲಿ ಎಲುಬಿನ ಅಂಚು ಹುಳ ತಿಂದ ಕಟ್ಟಿಗೆಯಂತೆ ಕಾಣುತ್ತಿತ್ತು.

"ಔಷಧಿ ನಾಟವಲ್ದು. ಇನ್ನ ಎರಡು ವಾರ ನೋಡೂಣು. ಇಲ್ಲಂದ್ರ ಸಂದು ಬಿಚ್ಚಿ ನೋಡಬೇಕಾಕ್ಕತಿ. ಸೋಂಕು ರಕ್ತಕ್ಕ ಇಳೀತಂದ್ರ ಕಾಲು ಉಳೀತೈತಿ ಅಂತ ನಾ ಮಾತು ಕೊಡಾಕ ಆಗಾಂಗಿಲ್ರಿ."

ಮನೆಗೆ ಬಂದ ಮೇಲೆ ಜಗಳವಾಯಿತು.

"ಗುಳಿಗಿ ಹೊತ್ತಿಗೆ ಸರಿಯಾಗಿ ಕೊಡಾಕತ್ತೀರೋ ಇಲ್ಲೋ?" ಎಂದು ಅಣ್ಣ ಒದರಿದ.

"ನಿಮ್ಮ ತಂಗಿನ್ನ ಕೇಳ್ರಿ. ನನ್ನ ಮ್ಯಾಲ ಯಾಕ ಬರ್ತೀರಿ?" ಎಂದಳು ವೈನಿ. "ಕಾರಿದ್ದು ಬಳಿಯಾಕಿ ನಾ, ಅರಿವಿ ಒಗಿಯಾಕಿ ನಾ, ಬೈಸಿಕೊಳ್ಳಾಕೂ ನಾನೇನ?"

"ಅದು ನಿನ್ನ ಕರ್ತವ್ಯ."

"ಹೌದ್ರಿ. ನಿಮಗೇನೂ ಇಲ್ಲ ನೋಡ್ರಿ ಕರ್ತವ್ಯ. ಬಸ್ ರಿಪೇರಿ ಆದ್ರ ಮುಗೀತು."

ಅಣ್ಣ ಊಟ ಬಿಟ್ಟು ಎದ್ದುಹೋದ. ನಾನು ಅವ್ವನ ಹತ್ತಿರ ಕುಳಿತು ಮೆಲ್ಲಗೆ ಹೇಳಿದೆ: "ಯವ್ವಾ, ಹೇಳಿಬಿಡೂಣು."

"ಏನಂತ?"

"ಸೂಜಿ ಸುದ್ದಿ."

"ಕಾಲು ನಂದು. ಹೋದ್ರ ಹೋಗ್ಲಿ. ನೀ ಸುಮ್ಕಿರು."

ಮರುದಿನ ವೈನಿಗೆ ರಜೆ. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು, ನಾನು ಅಕ್ಕಿ ಆರಿಸುತ್ತಿದ್ದೆ. ನನ್ನ ಬಾಯಲ್ಲಿ ಮಾತು ಯಾವಾಗಲೂ ಬೇಗ ಬರುವುದಿಲ್ಲ. ಅರ್ಧ ಮೊರ ಅಕ್ಕಿ ಮುಗಿಯುವವರೆಗೆ ತಡೆದೆ. ಆಮೇಲೆ ಒಂದೇ ಉಸಿರಿಗೆ ಹೇಳಿದೆ.

ವೈನಿಯ ಕೈ ನಿಂತಿತು. "ಎಷ್ಟ ಸಲ?"

"ನಾಕು."

"ಕುರಿಗೆ ಹಾಕೂ ಸೂಜಿಲೇನ?"

"ಹೂಂ. ನಾನ ಕಾಲ ಹಿಡದಿದ್ದೆ."

ಅವಳು ಒದರುತ್ತಾಳೆ, ಡಿಪೋಗೆ ಫೋನು ಹಚ್ಚುತ್ತಾಳೆ ಅಂದುಕೊಂಡಿದ್ದೆ. ಅವಳು ಒಲೆ ಆರಿಸಿದಳು. ಕೈ ತೊಳೆದಳು.

"ಅರಿವಿ ಬದಲಿ ಮಾಡು. ಅತ್ತಿಗೆ ಬಾಜಾರಕ್ಕ ಹೊಂಟೀವಿ ಅಂತ ಹೇಳು. ನಿಮ್ಮಣ್ಣ ಬರೂದ್ರೊಳಗ ದವಾಖಾನಿಗೆ ಹೋಗಿ ಬರೂಣು."

"ಅಣ್ಣಗ ಹೇಳ್ತೀರೇನ್ರಿ?"

"ಮೊದಲ ಡಾಕ್ಟರಿಗೆ. ನಿಮ್ಮಣ್ಣ ಏನ್ ಔಷಧ ಬರ್ದು ಕೊಡ್ತಾನೇನ?"

ದವಾಖಾನೆಯಲ್ಲಿ ಪಾಳಿ ಹಚ್ಚಿ ಎರಡು ತಾಸು ಕಾದೆವು. ಒಳಗೆ ಹೋದಾಗ ವೈನಿ ನನ್ನನ್ನು ಮುಂದೆ ನೂಕಿದಳು. "ಇಕಿ ಹೇಳ್ತಾಳ್ರಿ ಮೇಡಂ. ಕಣ್ಣಾರೆ ನೋಡಿದಾಕಿ ಇಕಿ."

ನಾನು ಹೇಳಿದೆ. ದನಿ ಎಷ್ಟು ಸಣ್ಣದಿತ್ತೆಂದರೆ ಮೇಡಂ ಫ್ಯಾನ್ ಬಂದ್ ಮಾಡಿ ಇನ್ನೊಮ್ಮೆ ಹೇಳಿಸಿದರು.

"ಏಳು ವಾರ ಆತು!" ಎಂದು ಅವರು ಮೇಜಿಗೆ ಪೆನ್ನು ಕುಟ್ಟಿದರು. "ಮೊದಲ ದಿನಾನ ಕೇಳಿದ್ನಲ್ಲ ನಾ? ಅಲ್ಲೇ ನಿಂತಿದ್ದಿ ನೀ!"

ವೈನಿ ಹೇಳಿದಳು: "ಬೈರಿ ಮೇಡಂ, ಬೈಸ್ಕೋತೀವಿ. ಆದ್ರ ಮುಂದೇನ್ ಮಾಡೂದು ಅದನ್ನೂ ಹೇಳ್ರಿ."

ಮೇಡಂ ನೀರು ಕುಡಿದರು. ಆಮೇಲೆ ಮೆತ್ತಗೆ ಹೇಳಿದರು. "ಹಳಸಿದ ರೊಟ್ಟಿಗೆ ಬೂಸ್ಟು ಹತ್ತತೈತಿ ನೋಡ್ರಿ, ಅಂಥಾ ಜಾತಿದು ಗಾಳ್ಯಾಗ, ಮಣ್ಣಾಗ, ಉಣ್ಣ್ಯಾಗ ಎಲ್ಲಾ ಕಡೆ ಇರತೈತಿ. ನಿಮ್ಮ ನಮ್ಮ ಮೈಯಾಗ ಹೊಕ್ರ ಮೈ ಅದನ್ನ ಕೊಲ್ಲತೈತಿ. ಇವರ ಮೈಗೆ ಆ ಶಕ್ತಿನ್ನ ನಮ್ಮ ಗುಳಿಗೀನ ಕಡಿಮಿ ಮಾಡೇತಿ. ಅದರ ಮ್ಯಾಲ ನೀವು ಆ ಶಕ್ತಿನ್ನ ಇನ್ನಷ್ಟು ಕಡಿಮಿ ಮಾಡೂ ಅಂಥಾದ್ದ ಔಷಧ ಸಂದಿನೊಳಗ ಹಾಕೀರಿ, ಅದೂ ಕುರಿ ಸೂಜಿಲೆ. ಬೂಸ್ಟು ಎಲುಬಿಗೆ ಹತ್ತಿರಬಹುದು. ಅದಕ್ಕ ಪರೀಕ್ಷಾ ಬ್ಯಾರೆ, ಔಷಧಾನೂ ಬ್ಯಾರೆ. ನಾಳೆ ಕರ್ಕೊಂಡು ಬರ್ರಿ, ಅಡ್ಮಿಟ್ ಮಾಡೂಣು."

ಮರುದಿನ ಅಡ್ಮಿಟ್ ಮಾಡಿಕೊಂಡು ಮತ್ತೆ ನೀರು ತೆಗೆದರು. ಈ ಸಲ ಬೆಳೆಯಲು ಬಹಳ ದಿನ ಇಡಬೇಕು ಎಂದರು. ಹನ್ನೆರಡನೇ ದಿನ ವರದಿ ಬಂತು. ಶಿಲೀಂಧ್ರ ಬೆಳೆದಿತ್ತು. ಕ್ಷಯದ ಗುಳಿಗೆ ನಿಲ್ಲಿಸಿದರು. ಸಂದು ಬಿಚ್ಚಿ ಒಳಗೆಲ್ಲ ತೊಳೆದರು, ಹೊಸ ಗುಳಿಗೆ ಶುರುವಾಯಿತು. ಆರು ತಿಂಗಳಿಗೆ ಕಡಿಮೆಯಿಲ್ಲ, ವರ್ಷವೂ ಆಗಬಹುದು ಎಂದರು. ಅಷ್ಟು ದಿನ ಭಾನುವಾರದ ಹಳದಿ ಗುಳಿಗೆ ಬಂದ್. ಬಿಳಿಯದನ್ನು ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಅಷ್ಟರಲ್ಲಿ ಅಣ್ಣನಿಗೆ ಮೇಡಂ ಕಡೆಯಿಂದಲೇ ಎಲ್ಲ ಗೊತ್ತಾಗಿತ್ತು. ಆ ಗುರುವಾರ ಅಪ್ಪ ನೇರ ದವಾಖಾನೆಗೆ ಬಂದ. ಹೊರಗಿನ ಬೇವಿನ ಗಿಡದ ಕೆಳಗೆ ನಾಲ್ವರೂ ಬುತ್ತಿ ಬಿಚ್ಚಿಕೊಂಡು ಕುಳಿತೆವು. ಸೂಜಿಯ ಮಾತು ಹೊರಬಿದ್ದದ್ದನ್ನು ಯಾರೂ ಅಪ್ಪನಿಗೆ ಹೇಳಿರಲಿಲ್ಲ. ಅವನೇ ತುತ್ತು ಕೆಳಗಿಟ್ಟ.

"ಯಲ್ಯಾ, ಸೂಜಿ ಹಾಕಿದಾಂವ ನಾ."

"ಗೊತ್ತೈತಿ."

"ಬೈ ಮತ್ತ."

ಅಣ್ಣ ಬಹಳ ಹೊತ್ತು ರೊಟ್ಟಿ ಮುರಿಯುತ್ತಲೇ ಇದ್ದ. ತಿನ್ನಲಿಲ್ಲ. "ಬಾಟ್ಲಿ ತಂದಾಂವ ನಾ" ಎಂದ. "ದನದ ಔಷಧ ಅಂಗಡ್ಯಾಗ ನಾನ ಕೊಂಡು ಕೊಡ್ತಿದ್ದೆ. ಮೊದಲೆಲ್ಲ ವರ್ಷಕ್ಕ ಒಂದು. ಈ ಸಲ ದೀಪಾವಳಿ ಆದಮ್ಯಾಲ ಮೂರು ತರಿಸಿದಿ. ಇಷ್ಟು ಕುರಿಗೆ ಒಮ್ಮೆಲೆ ಏನಾತು ಅಂತ ನಾ ಕೇಳಬೇಕಾಗಿತ್ತು. ಕೇಳ್ಲಿಲ್ಲ."

"ನಾ ಕಾಲ ಹಿಡದಿದ್ದೆ" ಎಂದೆ ನಾನು.

ವೈನಿ ಡಬ್ಬಿಯ ಮುಚ್ಚಳ ಒತ್ತಿದಳು. "ಎಲ್ಲಾರೂ ನಾ, ನಾ ಅಂದ್ರ ನಾ ಯಾರ ಮ್ಯಾಲ ಸಿಟ್ಟಾಗ್ಲಿ? ಉಣ್ರಿ ಸುಮ್ಕ. ಮ್ಯಾಲ ಒಬ್ಬಾಕಿ ಹಸಿದು ಕುಂತಾಳ."

ಕುರಿ ಮಾರುವ ಮಾತನ್ನು ಅಂದು ಅಣ್ಣ ಎತ್ತಲಿಲ್ಲ. ಎತ್ತಿದವನು ಅಪ್ಪ. ಬಲೆ ಸುತ್ತಲು ಜೊತೆಗೆ ಯಾರೂ ಇಲ್ಲ, ಮೂವತ್ತು ಇಟ್ಟುಕೊಳ್ಳುತ್ತೇನೆ, ಉಳಿದದ್ದು ಶಿವಲಿಂಗನ ಹಿಂಡಿಗೆ ಹೋಗಲಿ ಎಂದ.

ಮಾತು ಹೊರಗೆ ಬಿದ್ದದ್ದು ನನ್ನಿಂದ ಎಂದು ಅವ್ವನಿಗೆ ತಿಳಿದಾಗಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ದವಾಖಾನೆಯಲ್ಲಿ ಹಗಲೂ ರಾತ್ರಿ ಪಕ್ಕದಲ್ಲಿ ಇದ್ದವಳು ನಾನೇ. ಆದರೂ ಬಾಜು ಮಂಚದ ಹೆಂಗಸಿಗೆ, "ಅಕಿಗೆ ನೀರು ಕೊಡಂತ ಹೇಳ್ರಿ" ಎನ್ನುತ್ತಿದ್ದಳು. ಹಳದಿ ಗುಳಿಗೆ ನಿಂತಿದ್ದರಿಂದ ಬೆರಳುಗಳು ಮತ್ತೆ ಊದಿದವು. ಚಮಚ ಹಿಡಿಯಲಾಗುತ್ತಿರಲಿಲ್ಲ. ನಾನು ಉಣಿಸುವಾಗ ಬಾಯಿ ತೆರೆಯುತ್ತಿದ್ದಳು, ಕಣ್ಣು ಕಿಟಕಿಯ ಕಡೆ ಇಡುತ್ತಿದ್ದಳು. ನಾನು ತಲೆ ಬಾಚುವಾಗ ಸಿಕ್ಕಿಗೆ ಬಾಚಣಿಗೆ ತಗುಲಿದರೂ ಹಾಂ ಅನ್ನಲಿಲ್ಲ. ಮನೆಗೆ ಬಂದ ಮೇಲೂ ಹಾಗೆಯೇ ಇದ್ದಳು. ಒಂದು ತಿಂಗಳು ಹೀಗೆ ಕಳೆಯಿತು.

ತಿಂಗಳಾದ ಮೇಲೆ ತೋರಿಸಲು ಹೋದೆವು. ಬಾವು ಅರ್ಧ ಇಳಿದಿತ್ತು, ಜ್ವರವಿರಲಿಲ್ಲ. ಮೇಡಂ ಮೊಣಕಾಲನ್ನು ಮೆಲ್ಲಗೆ ಮಡಚಿ ನೋಡಿದರು. ಸ್ವಲ್ಪ ದೂರ ಬಂದು ನಿಂತಿತು.

"ಇಷ್ಟನ ಏನ್ರಿ?" ಎಂದಳು ಅವ್ವ.

"ಇನ್ನೊಂದೀಟು ಮಡಚಬಹುದು. ಪೂರಾ ಆಗಾಂಗಿಲ್ಲ. ಕೋಲು ಹಿಡದು ಮನ್ಯಾಗ ಅಡ್ಡಾಡಬಹುದು. ಕಾಲು ಉಳೀತಲ್ರಿ, ಅದ ದೊಡ್ಡದು."

"ಮೊದಲ ದಿನಾನ ಹೇಳಿದ್ರ?"

ಮೇಡಂ ಎಕ್ಸ್‌ರೇಯನ್ನು ಲಕೋಟೆಯೊಳಗೆ ಹಾಕಿದರು. ಸುಳ್ಳು ಹೇಳಲಿಲ್ಲ. "ಮೊದಲ ದಿನ ಎಲುಬು ಇಷ್ಟು ಹೋಗಿರಲಿಲ್ರಿ."

ಹೊರಗಿನ ಬೆಂಚಿನ ಮೇಲೆ ಅವ್ವನನ್ನು ಕೂರಿಸಿ ವೈನಿ ಔಷಧಿ ಕಿಟಕಿಯ ಸಾಲಿಗೆ ಹೋದಳು. ನಾನು ಅವ್ವನ ಕಾಲಿನ ಕೆಳಗೆ ಚೀಲ ಇಟ್ಟು ಎತ್ತರ ಮಾಡಿದೆ. ಜನ ಓಡಾಡುತ್ತಿದ್ದರು. ಯಾರದೋ ಹೆಸರು ಕೂಗುತ್ತಿದ್ದರು.

"ಯಾಕ ಮೊದಲ ಹೇಳ್ಲಿಲ್ಲ?" ಎಂದಳು ಅವ್ವ.

ಬೇರೆ ಯಾರಿಗೋ ಕೇಳುತ್ತಿದ್ದಾಳೆ ಅಂದುಕೊಂಡು ಆಚೀಚೆ ನೋಡಿದೆ. ಬೆಂಚಿನ ಮೇಲೆ ನಾವಿಬ್ಬರೇ ಇದ್ದೆವು.

"ನೀನ ಆಣಿ ಹಾಕಿಸಿದ್ದಿಯಲ್ಲ, ಯವ್ವಾ."

"ನಾ ಹೆದರಿದ್ದೆ. ಹೆದರಿದಾಕಿ ಮಾತು ಕೇಳತಾರೇನ?"

ಅವಳ ಕಣ್ಣು ತುಂಬಿತ್ತು, ದನಿಯಲ್ಲಿ ಸಿಟ್ಟೂ ಇತ್ತು. ಅವಳ ಮೊಣಕಾಲನ್ನು ನೋಡಿದೆ. ಏಳು ವಾರ.

ಕಿಟಕಿಯ ಹತ್ತಿರದಿಂದ ವೈನಿ ಕೂಗಿದಳು. "ಲಗಮಿ, ಬಾ ಇಲ್ಲೆ. ಅತ್ತಿ ಮತ್ತ ಯಾವ್ಯಾವ ಗುಳಿಗಿ ತಗೋತಾರಂತ ಕೇಳಾಕತ್ತಾರ. ನನಗ ಗೊತ್ತಿಲ್ಲ."

ನಾನು ಏಳಲು ಹೋದೆ. ಅವ್ವ ಊದಿದ ಬೆರಳುಗಳಿಂದ ನನ್ನ ಓಢಣಿಯ ತುದಿ ಹಿಡಿಯಲು ನೋಡಿದಳು. ಹಿಡಿತ ಸಿಗಲಿಲ್ಲ, ಬಟ್ಟೆ ಜಾರಿತು.

"ಎಲ್ಲಾ ಹೇಳು" ಎಂದಳು. "ಒಂದೂ ಬಿಡಬ್ಯಾಡ."